ಅರ್ಧ ಪದ್ಯದ ಮೌನ

“ಈ ಲೋಹಕ್ಕೆ ಇನ್ನೂ ಎಷ್ಟು ಮಾತು ಉಳಿದಿದೆಯಪ್ಪಾ?”

ಮಾಲಿಂಗ ದಿನಾ ಬೆಳಿಗ್ಗೆ ತೊಳೆಮನೆಯ ಬಾಗಿಲು ತೆಗೆದು, ರಬ್ಬರ್ ಬೂಟಿನೊಳಗೆ ಕಾಲು ತೂರಿಸುತ್ತ, ಯಾರನ್ನೂ ನೋಡದೆ ಹೀಗೆ ಕೇಳುತ್ತಾನೆ. ಅಂಗಳದಲ್ಲಿ ರಾಶಿ ಬಿದ್ದ ಪೈಪುಗಳಲ್ಲಿ ಯಾವುದೋ ಒಂದು ಮಾತ್ರ “ಚಾ ಬಂತಾ?” ಎನ್ನುತ್ತದೆ. “ಬಂದಿಲ್ಲ, ಸುಮ್ನೆ ಬಿದ್ಕೊ,” ಎಂದು ಮಾಲಿಂಗ ನೀರಿನ ಪೈಪು ಹಿಡಿದುಕೊಂಡು ಕೆಲಸ ಶುರು ಮಾಡುತ್ತಾನೆ.

ನಮ್ಮೂರಿನ ಅಣುಸ್ಥಾವರ ಮುಚ್ಚಿ ಹನ್ನೊಂದು ವರ್ಷವಾಯಿತು. ಅಂದಿನಿಂದ ಅದನ್ನು ಕಳಚುತ್ತಲೇ ಇದ್ದಾರೆ. ಏಣಿ, ಬಾಗಿಲು, ಕಟಾಂಜನ, ತೊಟ್ಟಿ, ಹಿಡಿಚಕ್ರ, ಎಲ್ಲವೂ ತುಂಡುತುಂಡಾಗಿ ಲಾರಿಯಲ್ಲಿ ತೊಳೆಮನೆಗೆ ಬರುತ್ತವೆ. ಬರುವಾಗ ಎಲ್ಲವೂ ಮಾತಾಡುತ್ತಿರುತ್ತವೆ. ತಮ್ಮೆದುರು ಜನ ನಲವತ್ತು ವರ್ಷ ಆಡಿದ್ದನ್ನು, ಆಡಿದವರ ದನಿಯಲ್ಲೇ, ಕೆಮ್ಮು ಸಮೇತ ಹೇಳುತ್ತವೆ. ಒಂದು ಏಣಿ ಹತ್ತು ಮೆಟ್ಟಿಲುದ್ದಕ್ಕೂ ಮೇಲಧಿಕಾರಿಯನ್ನು ಬೈಯುತ್ತಿತ್ತು, ಮೇಲಿನ ಮೆಟ್ಟಿಲಿಗೆ ಹೋದಷ್ಟೂ ಬೈಗುಳ ಬಲವಾಗಿತ್ತು. ಒಂದು ಕಟಾಂಜನದಲ್ಲಿ ಇಬ್ಬರು ಒಂದು ಛತ್ರಿಗಾಗಿ ಜಗಳವಾಡುತ್ತಿದ್ದರು. ಇಬ್ಬರೂ ಈಗ ಬೀಗರು. ಅಂಗೈಯಷ್ಟಗಲದ ಒಂದು ತಗಡು ಮಾತ್ರ ನಾಲ್ಕು ದಿನ “ಹ್ಞೂ, ಹ್ಞೂ” ಎನ್ನುತ್ತಲೇ ಇತ್ತು. ಅದು ಟೆಲಿಫೋನಿನ ಹಿಂದೆ ಇದ್ದದ್ದಂತೆ. ನಿವೃತ್ತರಾದ ಒಬ್ಬ ಸಾಹೇಬರು ವಾರಕ್ಕೊಮ್ಮೆ ಬಂದು, “ನಾಲ್ಕನೇ ನಂಬರ್ ರೂಮಿನ ಬಾಗಿಲು ಬಂತೇನ್ರಯ್ಯಾ? ಬಂದ್ರೆ ಮೊದಲು ಅದನ್ನ ತೊಳೀರಿ,” ಎಂದು ಹೇಳಿ, ಬಾಳೆಹಣ್ಣಿನ ಚಿಪ್ಪು ಇಟ್ಟು ಹೋಗುತ್ತಾರೆ. ಬಾಗಿಲು ಬಂದು ಎರಡು ವರ್ಷವಾಯಿತು. ನಾವಿನ್ನೂ ಹಣ್ಣು ತಿನ್ನುತ್ತಿದ್ದೇವೆ.

ಮಾತಾಡುವ ಲೋಹ ಊರೊಳಗೆ ಹೋಗಕೂಡದು. ಇದೊಂದೇ ನಿಯಮ. ಮೊದಲ ವರ್ಷ ಇದು ತಿಳಿದಿರಲಿಲ್ಲ. ತಮಾಷೆಯಾಗಿದೆಯೆಂದು ಜನ ಮಾತಾಡುವ ತಟ್ಟೆ, ಮಾತಾಡುವ ಚೊಂಬು ಮಾಡಿಸಿಕೊಂಡರು. ಉಂಡವರ ಉಗುರು ಮೊದಲು ನೀಲಿಯಾಯಿತು, ಆಮೇಲೆ ಹಲ್ಲು ಸಡಿಲವಾಯಿತು, ಐದು ಜನ ಉಳಿಯಲಿಲ್ಲ. ಈಗ ನಮ್ಮೂರಲ್ಲಿ ಇಬ್ಬರು ಎದುರಾದರೆ ಮೊದಲು ಕಣ್ಣು ಹೋಗುವುದು ಮುಖಕ್ಕಲ್ಲ, ಉಗುರಿಗೆ. ಹೆಣ್ಣು ನೋಡಲು ಬಂದವರದೂ ಅದೇ ಕ್ರಮ.

ತೊಳೆಯುವುದಕ್ಕೆ ಒಂದು ಪದ್ಧತಿಯಿದೆ. ಮೊದಲು ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಕಿವಿಗೆ ಹಿಡಿಯಬೇಕು. ಬಟ್ಟೆ ಮಾತಾಡಿದರೆ ಅದು ಸಡಿಲ ಮಾತು, ಜೋರು ನೀರಿಗೆ ಹೋಗುತ್ತದೆ. ಬಟ್ಟೆ ಸುಮ್ಮನಿದ್ದು ಲೋಹ ಮಾತಾಡಿದರೆ ಅದು ಊರಿದ ಮಾತು. ಅದಕ್ಕೆ ಆಸಿಡ್ ತೊಟ್ಟಿಯೇ ಆಗಬೇಕು, ಇಲ್ಲವೆ ಉಕ್ಕಿನ ಮರಳನ್ನು ಗಾಳಿಯಲ್ಲಿ ಊದಿ ಮೇಲಿನ ಪದರ ಕೆರೆಯಬೇಕು. ತೊಳೆದ ನೀರಿನಲ್ಲಿ ಮಾತೆಲ್ಲ ಕಲಸಿ, ಮದುವೆ ಊಟದ ಪಂಕ್ತಿಯ ಹಾಗೆ ಗಜಿಬಿಜಿ ಸದ್ದು ಬರುತ್ತಿರುತ್ತದೆ. ಅದನ್ನು ಡ್ರಮ್ಮಿಗೆ ತುಂಬಿ ಸಿಮೆಂಟು ಕಲಸಿ ಬಾಯಿ ಮುಚ್ಚುತ್ತಾರೆ. ಎಷ್ಟು ತೊಳೆದರೂ ಬಾಯಿ ಮುಚ್ಚದ ಲೋಹ ಗೋಡೌನಿಗೆ ಹೋಗುತ್ತದೆ. ಅಲ್ಲಿ ಮಾತು ಎಂಟು ವರ್ಷಕ್ಕೆ ಅರ್ಧವಾಗುತ್ತದೆ, ಇನ್ನೆಂಟು ವರ್ಷಕ್ಕೆ ಅದರಲ್ಲರ್ಧ. ಇಡೀ ಒಂದು ಸಂಸಾರದ ಕಥೆ ಹೇಳುತ್ತಿದ್ದ ಪಂಪೊಂದು ಈಗ ಪ್ರತಿ ವಾಕ್ಯವನ್ನೂ ನಡುವಿಗೇ ನಿಲ್ಲಿಸುತ್ತದೆ. ಕಾವಲಿನವನಿಗೆ ನಿದ್ದೆ ಬರುವುದಿಲ್ಲವಂತೆ. ಸೊಸೆ ಮನೆ ಬಿಟ್ಟು ಹೋದಳೋ ಇಲ್ಲವೋ ಎಂಬುದು ತಿಳಿಯದೆ ಅವನು ಸೊರಗಿದ್ದಾನೆ.

ಪೂರ್ತಿ ಸುಮ್ಮನಾದ ಲೋಹ ಕುಲುಮೆಯಲ್ಲಿ ಕರಗಿ ಗಟ್ಟಿಯಾಗುತ್ತದೆ, ಇಲ್ಲವೆ ಆಕಾರ ಚೆನ್ನಾಗಿದ್ದರೆ ಹಾಗೇ ಊರಿಗೆ ಬಳಕೆಯಾಗುತ್ತದೆ. ಆದರೆ ಅದು ಸುಮ್ಮನಾಗಿದೆಯೆಂದು ಹೇಳುವವರು ಯಾರು? ನಾನು. ನನ್ನ ಹೆಸರು ನೇಮಣ್ಣ. ಕೇಳುವ ಕೋಣೆಯಲ್ಲಿ ಒಬ್ಬನೇ ಕೂತು, ಎದುರಿಗಿಟ್ಟ ಲೋಹವನ್ನು ಕೇಳಿ, ಅದು ಸುಮ್ಮನಿದ್ದರೆ ‘ಮೌನ’ ಎಂಬ ಮುದ್ರೆ ಒತ್ತುವುದು ನನ್ನ ಕೆಲಸ. ಆ ಕೋಣೆಯಲ್ಲಿ ಉಸಿರೂ ಗಟ್ಟಿಯಾಗಿ ಬಿಡುವಂತಿಲ್ಲ, ಯಾಕೆಂದರೆ ತೊಳೆದು ಮುಗಿಯದ ಲೋಹ ಹೊಸ ಮಾತನ್ನೂ ಹೀರಿಕೊಳ್ಳುತ್ತದೆ. ನನಗಿಂತ ಮೊದಲಿದ್ದವರು ಸೀನು ಬಂದಾಗ ತಡೆಯಲಾರದೆ ಸೀನಿದ್ದರಿಂದ ಒಂದು ಗೇಟು ಮೂರು ತಿಂಗಳು ಸೀನುತ್ತಿತ್ತು.

ನನ್ನನ್ನು ಆ ಕೆಲಸಕ್ಕೆ ತೆಗೆದುಕೊಂಡದ್ದು ನಾನು ಮಾತಾಡುವುದಿಲ್ಲವೆಂಬ ಒಂದೇ ಕಾರಣಕ್ಕೆ. ನಾನು ಬೆಳೆದದ್ದು ಬಸದಿಯ ಜಗಲಿಯ ಮೇಲೆ, ಸೋದರಮಾವ ಪಾಯಣ್ಣನವರು ಪದ್ಯ ಹೇಳುವುದನ್ನು ಕೇಳುತ್ತ. ನಮ್ಮೂರಿಗೊಂದು ಕಾವ್ಯವಿದೆ. ಯಾರು ಬರೆದದ್ದೋ ಗೊತ್ತಿಲ್ಲ, ಬರೆದೇ ಇಲ್ಲವೇನೋ. ಬಾಯಿಂದ ಬಾಯಿಗೆ ಬಂದು ಕೊನೆಗೆ ಮಾವನ ಬಾಯಲ್ಲಿ ನಿಂತಿತ್ತು. ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಜನ ಬಂದು ಕೂರುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಕೇಳುವುದೇ ನನ್ನ ಪೂಜೆಯಾಗಿತ್ತು. ಬಾಯಿ ಬಿಟ್ಟು ಒಂದು ಸಾಲು ಹೇಳಿದವನಲ್ಲ. ಮಗ ದೇಶಾಂತರ ಹೋಗಿ, ತಾಯಿ ಬಾಗಿಲಲ್ಲಿ ಕಾಯುವ ಸಂದರ್ಭದ ಪದ್ಯ ಬಂದಾಗ ಮಾತ್ರ ಮಾವ ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು.

ನೀರು ಹರಿದರು ನಿಂತ ಬಿಂಬವು
ತೀರ ಮುಟ್ಟದು ತಾಯೆ ನಿನ್ನಯ
ದಾರಿ ಕಾಯುವ ಕಣ್ಣು ದೀಪದ ಕುಡಿಗೆ ಸೋದರಿಯು

“ಇಷ್ಟು ನೀನು ಬಾಯಿಬಿಟ್ಟು ಹೇಳು ನೇಮೂ, ಉಳಿದ ಮೂರು ಸಾಲು ಕೊಡ್ತೀನಿ,” ಎನ್ನುತ್ತಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ಕಿವಿ ಬಿಸಿಯಾಗುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಮಾವ ನಕ್ಕು ಮುಂದಿನ ಪದ್ಯಕ್ಕೆ ಹೋಗುತ್ತಿದ್ದರು. ಹೀಗೇ ವರ್ಷಗಳು ಕಳೆದವು. ಸ್ಥಾವರ ಮುಚ್ಚಿದ ವರ್ಷವೇ ಮಾವನೂ ಹೋದರು, ಉಳಿದ ಮೂರು ಸಾಲೂ ಅವರೊಂದಿಗೆ ಹೋದವು. ಹೇಳಬೇಕಾದದ್ದು ಹೇಳಲಾರದವನಿಗೆ, ಬೇಡವೆನ್ನುವುದಂತೂ ಬರುವುದೇ ಇಲ್ಲ. ಕೇಳಿದವರಿಗೆಲ್ಲ ಹ್ಞೂ ಎಂದು ಹ್ಞೂ ಎಂದು ನಾನು ಏಳು ಬೆಕ್ಕು ಸಾಕುತ್ತಿದ್ದೇನೆ, ಒಬ್ಬರ ಮನೆಯ ಪಿಯಾನೋ ಪೆಟ್ಟಿಗೆ ಆರು ವರ್ಷದಿಂದ ನನ್ನ ನಡುಮನೆಯಲ್ಲಿದೆ.

ಕೇಳುವ ಕೋಣೆಯಲ್ಲಿ ಗಡಿಯಾರ ಇಡುವಂತಿಲ್ಲ, ಟಿಕ್‌ಟಿಕ್ ಆಗುತ್ತದೆ. ಲೋಹ ಎಷ್ಟು ಹೊತ್ತು ಸುಮ್ಮನಿರಬೇಕೆಂಬುದನ್ನು ಕೇಳುವವನು ಮನಸ್ಸಿನಲ್ಲೇ ಅಳೆಯಬೇಕು. ಸೀನಿದವರು ಹತ್ತೊಂಬತ್ತರ ಮಗ್ಗಿಯಲ್ಲಿ ಅಳೆಯುತ್ತಿದ್ದರು. ನಾನು ಅಳೆಯುತ್ತಿದ್ದದ್ದು ನನ್ನಲ್ಲಿದ್ದ ಅರ್ಧ ಪದ್ಯದಲ್ಲಿ. ಮಾವ ಎಳೆಯುತ್ತಿದ್ದಷ್ಟೇ ನಿಧಾನವಾಗಿ, ಅವರು ಉಸಿರು ತೆಗೆದಲ್ಲೇ ಉಸಿರು ತೆಗೆದು, ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡರೆ ಹೊತ್ತು ಸರಿಯಾಗುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಈ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಸ್ಥಾವರದ ನೀರಿನ ತೊಟ್ಟಿಯೊಂದರ ತಳ ಬಂತು. ಒಳ್ಳೆಯ ಸ್ಟೀಲು, ಬಟ್ಟಲಿನ ಹಾಗೆ ಗುಂಡಗೆ, ಒಬ್ಬ ತೋಳು ಚಾಚಿ ತಬ್ಬುವಷ್ಟು ಅಗಲ. ಎರಡು ಹಿಡಿ ಬೆಸುಗೆ ಹಾಕಿದರೆ ಅಡುಗೆಯ ಕೊಪ್ಪರಿಗೆಯೇ. ಶಾಲೆಯ ಫ್ಲೋರಿನ್ ಟೀಚರು ಅದನ್ನು ಕಂಡ ದಿನವೇ ಕೇಳಿಟ್ಟಿದ್ದರು, ಇದ್ದ ಹಳೆಯ ಕೊಪ್ಪರಿಗೆಗೆ ತೂತು ಬಿದ್ದು ಇಪ್ಪತ್ತೆಂಟು ಮಕ್ಕಳ ಅನ್ನಕ್ಕೆ ಪರದಾಟವಾಗಿತ್ತು. ಮಾಲಿಂಗ ಅದನ್ನು ಮೂರು ಸಲ ತೊಳೆದ. ಮೊದಲು ಅದು “ಕೀಲಿ ಎಲ್ಲಿಟ್ಟೆ, ಕೀಲಿ ಎಲ್ಲಿಟ್ಟೆ” ಎಂದು ಯಾರನ್ನೋ ಗದರಿಸುತ್ತಿತ್ತು. ಆ ಸದ್ದು ಹೋದ ಮೇಲೆ ನನ್ನೆದುರಿಗೆ ತಂದಿಟ್ಟರು. ನಾನು ಕಣ್ಣು ಮುಚ್ಚಿದೆ. ಪದ್ಯ ಶುರುವಾಯಿತು.

ಅಂದು ಪದ್ಯ ಎಂದಿಗಿಂತ ಚೆನ್ನಾಗಿ ಬಂತು. ‘ದಾರಿ’ ಎಂಬಲ್ಲಿ ದನಿ ತಾನಾಗಿಯೇ ಬಾಗಿತು, ‘ಸೋದರಿಯು’ ಎಂಬಲ್ಲಿ ಮಾವ ಬಿಡುತ್ತಿದ್ದ ಸಣ್ಣ ನಿಟ್ಟುಸಿರೂ ಬಂತು. ನನ್ನ ಭಕ್ತಿ ಹಣ್ಣಾಗುತ್ತಿದೆಯೆಂದುಕೊಂಡು ನಾಚಿಕೆಯಿಲ್ಲದೆ ಸಂತೋಷಪಟ್ಟೆ. ಎರಡನೆಯ ಸಲ ಹೇಳಿಕೊಂಡಾಗ ಅಷ್ಟು ಚೆನ್ನಾಗಿರಲಿಲ್ಲ, ಒಣಒಣವಾಗಿತ್ತು. ಇರಲಿ, ದಿನವೆಲ್ಲ ಒಂದೇ ಥರ ಇರುವುದಿಲ್ಲವಲ್ಲ ಎಂದು ಮುದ್ರೆ ಒತ್ತಿ ಕಳಿಸಿದೆ.

ಹದಿನಾರು ದಿನದ ಮೇಲೆ, ಭಾನುವಾರ ಬೆಳಿಗ್ಗೆ, ಹೀರೇಕಾಯಿ ಕೊಂಡು ಬರುತ್ತಿದ್ದೆ. ಶಾಲೆಯಲ್ಲಿ ಓದುವ ರುಕ್ಸಾನ ಎಂಬ ಹುಡುಗಿ ತನ್ನ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅವನನ್ನು ತೂಗುತ್ತ ರಸ್ತೆಯ ಆಚೆ ಬದಿ ಹೋಗುತ್ತಿದ್ದಳು. ತೂಗಿದ ಹಾಗೆ ಹೇಳಿಕೊಳ್ಳುತ್ತಿದ್ದಳು:

ಊರ ಹೊರಗಿನ ಕಲ್ಲು ಬಲ್ಲುದು
ಯಾರು ಬಂದರು ಯಾರು ಹೋದರು
ಬಾರದಾತನ ಹೆಸರ ಹೇಳದು ಬೆಳಗು ಹರಿವನಕ

ನಾನು ನಿಂತುಬಿಟ್ಟೆ. ಅಳತೆ ಅದೇ, ಎರಡನೆಯ ಅಕ್ಷರದ ಪ್ರಾಸ ಅದೇ, ಎಳೆತ ಅದೇ. ಮೂವತ್ತು ವರ್ಷ ಖಾಲಿ ಬಿಟ್ಟಿದ್ದ ಜಾಗದಲ್ಲಿ ಆ ಮೂರು ಸಾಲು ಮುಚ್ಚಳದ ಹಾಗೆ ಸರಿಯಾಗಿ ಕೂತವು. ಕಣ್ಣಲ್ಲಿ ನೀರು ಬಂತು. ನೀರು ಇನ್ನೂ ಕೆನ್ನೆಗಿಳಿಯುವ ಮೊದಲೇ ಬೆನ್ನು ತಣ್ಣಗಾಯಿತು.

“ಏ ಮಗೂ, ಇದನ್ನ ಯಾರು ಹೇಳಿಕೊಟ್ರು?”

“ನಮ್ಮ ಸ್ಕೂಲಿನ ಕೊಪ್ಪರಿಗೆ, ನೇಮಣ್ಣಂಕಲ್. ದಿನಾ ಹೇಳತ್ತೆ. ಮೊದ್ಲು ನೀರು ಹರಿದರು ಅನ್ನತ್ತೆ, ಆಮೇಲೆ ಸುಮಾರು ಹೊತ್ತು ಸುಮ್ನಿರತ್ತೆ, ಆಮೇಲೆ ಇದು. ಬಿಸಿಯಾದ್ರೆ ಜೋರಾಗಿ ಹೇಳತ್ತೆ. ನಮಗೆಲ್ಲಾ ಬಾಯಿಗೆ ಬಂದಿದೆ.”

“ಕೈ ತೋರ್ಸು.”

ತೋರಿಸಿದಳು. ಉಗುರು ಇನ್ನೂ ಕೆಂಪಗೇ ಇತ್ತು. ತಮ್ಮನ ಕೈಯನ್ನೂ ಹಿಡಿದು ನೋಡಿದೆ, ಅವನು ಶಾಲೆಗೆ ಹೋಗುವವನೇ ಅಲ್ಲ. ಹೀರೇಕಾಯಿಯನ್ನು ಅವನ ಕೈಗೆ ಕೊಟ್ಟು ತೊಳೆಮನೆಗೆ ಓಡಿದೆ.

ಓಡುವಾಗ ಎಲ್ಲವೂ ತಿಳಿಯಿತು. ಮಾವ ಸ್ಥಾವರದಲ್ಲಿ ಮಾಡುತ್ತಿದ್ದದ್ದು ನೀರಿನ ಮಟ್ಟ ನೋಡುವ ಕೆಲಸ. ತೊಟ್ಟಿಯ ಪಕ್ಕ ನಿಂತು ಪದ್ಯ ಹೇಳಿಕೊಳ್ಳುತ್ತಿದ್ದರು. ಅರ್ಧ ಮುಗಿದಾಗ ಮಾಪಕದ ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು, ಬರೆದ ಮೇಲೆ ಉಳಿದರ್ಧ ಹೇಳುತ್ತಿದ್ದರು. ಅಂದು ಕೋಣೆಯಲ್ಲಿ ಅಷ್ಟು ಚೆನ್ನಾಗಿ ಬಂದದ್ದು ನನ್ನ ಪದ್ಯವಲ್ಲ. ಹೊರಗಿನ ದನಿ ಒಳಗಿನ ದನಿಯ ಮೇಲೆ ಒಂದು ಕೂದಲೂ ಆಚೀಚೆಯಾಗದೆ ಕೂತಿತ್ತು. ಅದನ್ನು ನನ್ನ ಭಕ್ತಿಯೆಂದುಕೊಂಡು ಮುದ್ರೆ ಒತ್ತಿದ್ದೆ. ಎರಡನೆಯ ಸಲ ನಾನು ಒಣಒಣವಾಗಿ ಹೇಳಿಕೊಳ್ಳುವಾಗ ಮಾವ ಮುಳ್ಳು ನೋಡುತ್ತಿದ್ದರು.

ಅಂದು ಶಾಲೆಗೆ ಬೀಗವಿತ್ತು, ಮರುದಿನ ಬೆಳಿಗ್ಗೆ ಮಾಲಿಂಗನನ್ನೂ ಕೈಗಾಡಿಯನ್ನೂ ಕರೆದುಕೊಂಡು ಶಾಲೆಗೆ ಹೋದೆ. ಶಾಲೆಯ ಅಡುಗೆಯವರು ಬೇರೆ ಯಾರೂ ಅಲ್ಲ, ಜ್ವಾಲಮ್ಮ ಅತ್ತೆ, ಪಾಯಣ್ಣ ಮಾವನ ಹೆಂಡತಿ. ಒಲೆಗೆ ಸೌದೆ ತುರುಕುತ್ತ, ಕೊಪ್ಪರಿಗೆಯ ಕಡೆ ಸೌಟು ಬೀಸುತ್ತ ಬೈಯುತ್ತಿದ್ದರು.

“ಅಲ್ಲಿ ಎಳೀಬೇಡಿ ಅಂತ ನಲವತ್ತು ವರ್ಷ ಬಡ್ಕೊಂಡೆ. ‘ಬಾರದಾ…ತನ’ ಅಂತೆ. ಅಷ್ಟು ಎಳೆದ್ರೆ ಬರೋನೂ ಬರಲ್ಲ. ಬೇಳೆ ಬೆಂದಿಲ್ಲ, ಇವರಿಗೆ ರಾಗ!”

ಆ ಸಾಲು ಅತ್ತೆಗೆ ಗೊತ್ತಿದೆಯೇ ಎಂದು ನಾನು ಎಂದೂ ಬಾಯಿಬಿಟ್ಟು ಕೇಳಿರಲಿಲ್ಲ. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ಸೌಟು ಕೆಳಗಿಟ್ಟರು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಅತ್ತೆ, ಗೊತ್ತಿತ್ತಾ?”

“ಮೊದಲನೇ ದಿನಾನೇ ಗೊತ್ತಾಯ್ತು. ನೀರು ಕಾಯ್ತಿದ್ದ ಹಾಗೆ ಶುರು ಮಾಡಿದ್ರು. ‘ಬಂದ್ರಾ?’ ಅಂದುಬಿಟ್ಟೆ ಕಣೋ. ಟೀಚರು ನಂಗೆ ತಲೆ ಕೆಟ್ಟಿದೆ ಅಂದ್ಕೊಂಡ್ರು.”

“ನಾನು ರೇಡಿಯೋ ಅಂದ್ಕೊಂಡಿದ್ದೆ,” ಎಂದರು ಫ್ಲೋರಿನ್ ಟೀಚರು, ಒಳಗಿನಿಂದ ಬಂದು. “ನೋಡಿ ನೇಮಣ್ಣ, ಕೊಪ್ಪರಿಗೆ ಬಂದ ಮೇಲೆ ಒಂದು ದಿನವೂ ಒಂದು ಮಗು ತಪ್ಪಿಸಿಲ್ಲ. ಸಾಲಾಗಿ ಕೂತು, ಬಾಯಿ ಮುಚ್ಚಿ ಕೇಳ್ತಾರೆ, ಬಾಯಿ ತೆರೆದು ಉಣ್ತಾರೆ. ಪದ್ಯ ಬಾಯಿಪಾಠ ಮಾಡ್ಸಕ್ಕೆ ನಾನು ಇಪ್ಪತ್ತು ವರ್ಷ ಒದ್ದಾಡಿದೀನಿ.”

“ಅತ್ತೆ, ಕೈ ತೋರ್ಸಿ,” ಎಂದೆ.

“ನಂಗೇನಾಗಿದೆ?”

“ತೋರ್ಸಿ.”

ಸೌಟು ಹಿಡಿಯುವ ಬಲಗೈಯ ಉಗುರುಗಳ ಬುಡದಲ್ಲಿ ತೆಳ್ಳಗೆ, ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕಿದಷ್ಟು, ಬಣ್ಣ ಹತ್ತಿತ್ತು. ಟೀಚರ ಮುಖ ಬಿಳಿಚಿತು. ಅವರು ಹೋಗಿ ಇಪ್ಪತ್ತೆಂಟು ಮಕ್ಕಳನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಐವತ್ತಾರು ಕೈ ನೋಡಿದರು. ಎಲ್ಲ ಸರಿಯಿತ್ತು. ಮಾಲಿಂಗ ಕೊಪ್ಪರಿಗೆಯನ್ನು ಕೈಗಾಡಿಗೆ ಏರಿಸಿದ. ಅತ್ತೆ ಅದರ ಜೊತೆಗೇ ನಡೆದು ಬಂದರು. ದಾರಿಯುದ್ದಕ್ಕೂ, ಇಳಿಜಾರಿನಲ್ಲಿ ಗಾಡಿ ಕುಲುಕಿದಾಗಲೆಲ್ಲ, ಮಾವ ಊರ ಹೊರಗಿನ ಕಲ್ಲನ್ನು ನೆನೆಯುತ್ತಿದ್ದರು. ಜನ ಮನೆ ಬಾಗಿಲಿಗೆ ಬಂದು ಕೈ ಮುಗಿದರು, ಮುಗಿದ ಕೈಯ ಉಗುರನ್ನು ತಾವೇ ಒಮ್ಮೆ ನೋಡಿಕೊಂಡರು.

ತೊಳೆಮನೆಯ ಪುಸ್ತಕದಲ್ಲಿ ನನ್ನ ತಪ್ಪನ್ನು ನಾನೇ ಬರೆದೆ. ತಪ್ಪಿದ ಕಿವಿಯೇ ಅದನ್ನು ಸರಿಪಡಿಸಬೇಕೆಂಬುದು ನಮ್ಮಲ್ಲಿ ಕಟ್ಟಳೆ. ಕೊಪ್ಪರಿಗೆ ಮತ್ತೆ ನನ್ನೆದುರಿಗೇ ಬರಬೇಕು, ನಾನೇ ಮುದ್ರೆ ಒತ್ತಬೇಕು. ಇನ್ನೊಂದು ಸಲ ತಪ್ಪಿದರೆ ಮುದ್ರೆ ವಾಪಸು ಕೊಟ್ಟು, ವಟಗುಟ್ಟುವ ಹಳೆಯ ಕೈಗವಸುಗಳನ್ನು ಡ್ರಮ್ಮಿಗೆ ತುಂಬುವ ಕೆಲಸಕ್ಕೆ ಹೋಗಬೇಕು. ಅದಕ್ಕೆ ನಾನು ಹೆದರಲಿಲ್ಲ. ಹೆದರಿದ್ದು ಬೇರೆಯದಕ್ಕೆ. ಅಳೆಯುವುದಕ್ಕೆ ನನ್ನಲ್ಲಿದ್ದದ್ದು ಆ ಪದ್ಯವೊಂದೇ, ಅದರಲ್ಲೇ ಅಳೆದರೆ ಮತ್ತೆ ಮಾವ ಅದರೊಳಗೆ ಬಂದು ಕೂರುತ್ತಾರೆ. ನನಗೆ ಮಗ್ಗಿ ಬರುವುದಿಲ್ಲ. ಬೇರೆ ಅಳತೆ ಏನಿದೆಯೆಂದು ಫ್ಲೋರಿನ್ ಟೀಚರನ್ನು ಕೇಳಿದೆ. ಅವರು ಶಾಲೆಯ ಹಾಜರಿ ಪುಸ್ತಕ ತಂದುಕೊಟ್ಟರು. ಎರಡು ದಿನ ಕೂತು ಇಪ್ಪತ್ತೆಂಟು ಹೆಸರನ್ನೂ ಬಾಯಿಪಾಠ ಮಾಡಿದೆ. ಅಚ್ಯುತ, ಅನ್ವರ್, ಆಗ್ನೆಸ್ ಎಂದು ಶುರುವಾಗುತ್ತಿತ್ತು. ಅದಕ್ಕೆ ಪ್ರಾಸವಿರಲಿಲ್ಲ, ಅಳತೆಯಿರಲಿಲ್ಲ, ಆದರೆ ಯಾರ ದನಿಯೂ ಅದರೊಳಗೆ ಬಂದು ಕೂರುವಂತಿರಲಿಲ್ಲ.

ಮಾಲಿಂಗ ತೊಳೆಯತೊಡಗಿದ. ಊರಿದ ಮಾತು ಕೊನೆಯಿಂದ ಸವೆಯುತ್ತದೆ. ಮೊದಲ ತೊಳೆತಕ್ಕೆ ‘ಬೆಳಗು ಹರಿವನಕ’ ಹೋಯಿತು, ಎರಡನೆಯದಕ್ಕೆ ಊರ ಹೊರಗಿನ ಕಲ್ಲು ಹೋಯಿತು. ಅತ್ತೆ ದಿನಾ ಬಂದು ತೊಳೆಮನೆಯ ಜಗಲಿಯಲ್ಲಿ ಕೂರುತ್ತಿದ್ದರು. ಕೈಯಲ್ಲಿ ಬಿಡಿಸಲು ಅವರೆಕಾಯಿ ಇರುತ್ತಿತ್ತು. “ಇವತ್ತೆಲ್ಲಿಗೆ ಬಂದ್ರು?” ಎಂದು ಕೇಳುತ್ತಿದ್ದರು. “ದೀಪದ ಕುಡಿಗೆ, ಅಲ್ಲಿಗೆ ನಿಂತ್ರು,” ಎನ್ನುತ್ತಿದ್ದೆ. “ಹ್ಞಾ, ಕೆಲಸದಿಂದ ಮನೆಗೆ ಬಂದಾಗಲೂ ಅಷ್ಟೇ, ಅರ್ಧ ಮಾತು ದಾರೀಲಿ ಬಿಟ್ಟು ಬರೋರು,” ಎನ್ನುತ್ತಿದ್ದರು. ದಿನ ಕಳೆದ ಹಾಗೆ ಅವರ ಉಗುರಿನ ನೀಲಿ ತುದಿಯ ಕಡೆಗೆ ಸರಿಯುತ್ತಿತ್ತು. ಬುಡದಲ್ಲಿ ಹೊಸ ಉಗುರು ಕೆಂಪಗೆ ಬರುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಗೇಟಿನ ತನಕ ಬಂದು, ನಾಲ್ಕು ಮನೆಯ ಪಾತ್ರೆಗಳಲ್ಲಿ ಬೆಂದ ಅನ್ನ ಸೀದು ಹೋಗಿತ್ತೆಂದು ದೂರು ಹೇಳಿ ಹೋಗುತ್ತಿದ್ದರು. ಹೋಗುವಾಗ ಒಟ್ಟಾಗಿ ಇಡೀ ಪದ್ಯ ಕೂಗುತ್ತಿದ್ದರು, ಅತ್ತೆ ಬೇಡವೆಂದ ಜಾಗದಲ್ಲೇ ಮಾವನಿಗಿಂತ ಹೆಚ್ಚು ಎಳೆಯುತ್ತಿದ್ದರು.

“ಕೇಳಿದ್ಯಾ?” ಎಂದರು ಅತ್ತೆ ಒಂದು ದಿನ. “ಇಪ್ಪತ್ತೆಂಟು ಜನ ಆದ್ರು. ಇನ್ನು ನಾನು ಯಾರ್ಯಾರನ್ನ ತಿದ್ದಲಿ?”

ಆರನೆಯ ತೊಳೆತದ ಮೇಲೆ ಕೊಪ್ಪರಿಗೆಯನ್ನು ಒರೆಸಿ ನನ್ನೆದುರಿಗೆ ತಂದಿಟ್ಟರು. ಬಟ್ಟೆ ಸುಮ್ಮನಿತ್ತು. ಮಾಲಿಂಗ ಕಿವಿಯಿಟ್ಟು ತಲೆಯಾಡಿಸಿದ, ಏನೂ ಇಲ್ಲ. ಬಾಗಿಲು ಹಾಕಿಕೊಂಡು ಕೂತೆ. ಗಾಜಿನ ಆಚೆ ಅತ್ತೆ, ಟೀಚರು, ಮಾಲಿಂಗ ಮೂವರೂ ನಿಂತಿದ್ದರು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹಾಜರಿ ಕರೆಯತೊಡಗಿದೆ. ಅಚ್ಯುತ. ಅನ್ವರ್. ಆಗ್ನೆಸ್. ಒಬ್ಬೊಬ್ಬರೂ ಬಂದು ಕೂತ ಹಾಗಾಗುತ್ತಿತ್ತು. ಹಲ್ಲು ಬಿದ್ದ ಅಚ್ಯುತ, ಅನ್ನಕ್ಕೆ ಉಪ್ಪು ಸಾಲದೆನ್ನುವ ಆಗ್ನೆಸ್. ಹೆಸರು ಹೆಸರಿನ ನಡುವೆ ಕೋಣೆ ಅಷ್ಟೂ ಸುಮ್ಮನಿತ್ತು. ಇಪ್ಪತ್ತೊಂದನೆಯ ಹೆಸರು ರುಕ್ಸಾನ. ಅವಳ ಹೆಸರು ಹೇಳಿಕೊಂಡು ಮುಂದಿನದಕ್ಕೆ ಹೋಗುವಷ್ಟರಲ್ಲಿ, ಬಾವಿಯ ತಳದಲ್ಲಿ ಯಾರೋ ತುಟಿಯಲ್ಲೇ ಹೇಳಿಕೊಂಡ ಹಾಗೆ, ಒಂದು ಮಾತು ಕೇಳಿಸಿತು.

“ನೀರು.”

ಮೊದಲಿನಿಂದ ಕರೆದೆ. ಮತ್ತೆ ರುಕ್ಸಾನಳ ಹತ್ತಿರ ಅದೇ. ಮೂರನೆಯ ಸಲವೂ ಅದೇ. ಹೊರಗೆ ಬಂದು ಬಾಗಿಲು ಮುಚ್ಚಿದೆ.

“ಏನಿದೆ?” ಎಂದರು ಟೀಚರು.

“ಒಂದು ಮಾತು ಉಳಿದಿದೆ. ನೀರು ಅನ್ನತ್ತೆ.”

“ಒಂದೇ?” ಮಾಲಿಂಗ ಬೂಟು ಕಳಚುತ್ತಿದ್ದವನು ನಿಲ್ಲಿಸಿದ. “ನೇಮಣ್ಣ, ನನ್ನ ಕಿವಿಗೆ ಬಿದ್ದಿಲ್ಲ. ಟೀಚರಿಗೂ ಬೀಳಲ್ಲ. ಊರಲ್ಲಿ ನಿಮ್ಮ ಕಿವಿ ಬಿಟ್ರೆ ಇನ್ಯಾರಿಗೂ ಬೀಳಲ್ಲ. ಆರು ಸಲ ಆಸಿಡ್ಡಿಗೆ ಹಾಕಿದೀನಿ, ತಳ ಹಪ್ಪಳದ ಹಾಗಾಗಿದೆ. ಇನ್ನೊಂದು ಸಲ ಮುಳುಗಿಸಿದ್ರೆ ತೂತು ಬಿದ್ರೂ ಬಿತ್ತು. ಆಮೇಲೆ ಮಾತೂ ಇಲ್ಲ, ಕೊಪ್ಪರಿಗೆನೂ ಇಲ್ಲ.”

“ನೀರು ಅನ್ನೋದು ಒಳ್ಳೇ ಮಾತೇ,” ಎಂದು ಟೀಚರು ನಗಲು ನೋಡಿದರು. “ಮಕ್ಕಳು ನೀರೇ ಕುಡಿಯಲ್ಲ. ಅದಾದ್ರೂ ನೆನಪು ಮಾಡ್ಲಿ.” ಹೇಳಿ ಮುಗಿಸುವಷ್ಟರಲ್ಲಿ ಅವರ ನಗು ಇಳಿದಿತ್ತು. ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಎದೆಗೊತ್ತಿಕೊಂಡರು.

ಅತ್ತೆ ಕೋಣೆಯ ಬಾಗಿಲು ತೆಗೆದು ಒಳಗೆ ಹೋದರು. ಅಲ್ಲಿಗೆ ಯಾರೂ ಹೋಗುವಂತಿಲ್ಲ, ಆದರೆ ಅವರನ್ನು ತಡೆಯುವವರು ಯಾರು? ಕೊಪ್ಪರಿಗೆಯ ಅಂಚಿಗೆ ಕೈ ಊರಿ, ಬಾಗಿ, ಒಳಗೆ ಮುಖ ಇಳಿಸಿ ಕೂತರು. ನಾನು ಗಾಜಿನ ಈಚೆಯಿಂದ ಮತ್ತೆ ಹೆಸರು ಕರೆಯುತ್ತಿದ್ದೆ. ಇಪ್ಪತ್ತೊಂದಕ್ಕೆ ಬಂದಾಗ ಅವರು ಇನ್ನಷ್ಟು ಬಾಗಿದರು. ಅವರಿಗೂ ಕೇಳಿಸಿತ್ತು. ನಲವತ್ತು ವರ್ಷ ಆ ದನಿ ಕೇಳಿದವರಿಗೆ ಕೇಳಿಸದೆ ಇರುತ್ತದೆಯೇ. ಬಾಯಿಗೆ ಸೆರಗು ಒತ್ತಿ ಹಿಡಿದುಕೊಂಡಿದ್ದರು, ಉತ್ತರ ಕೊಟ್ಟುಬಿಟ್ಟೇನೆಂದು.

ಹೊರಗೆ ಬಂದು ನನ್ನೆದುರಿಗೆ ನಿಂತರು. ಮುದ್ರೆ ನನ್ನ ಕೈಯಲ್ಲೇ ಇತ್ತು. ಅದರ ಶಾಯಿ ಇನ್ನೂ ಒದ್ದೆಯಾಗಿತ್ತು.

“ನೇಮೂ,” ಎಂದರು. ಆ ಹೆಸರಿನಲ್ಲಿ ಮಾವ ಬಿಟ್ಟರೆ ಇನ್ಯಾರೂ ನನ್ನನ್ನು ಕರೆದಿರಲಿಲ್ಲ. “ಪದ್ಯ ಬೇಡ. ಆ ಮಕ್ಕಳ ಬಾಯಲ್ಲಿದೆ, ಸಾಕು. ರಾಗ ಬೇಡ, ನಂಗೆ ಯಾವತ್ತೂ ಬೇಕಿರಲಿಲ್ಲ. ಆದ್ರೆ ಇದೊಂದು ಮಾತು ಕಣೋ. ಊಟಕ್ಕೆ ಕೂತು ದಿನಾ ನೀರು ಕೇಳೋರು, ಹಿಂಗೇ, ಮೆಲ್ಲಗೆ. ನಾನೇ ಅಡುಗೆ ಮಾಡ್ತೀನಿ, ನಾನೇ ಸೌಟು ಹಿಡೀತೀನಿ. ನನ್ನ ಉಗುರು ಹೋದ್ರೆ ಹೋಗ್ಲಿ. ನಾನು ನಿನ್ನತ್ರ ಇವತ್ತಿನ ತನಕ ಏನಾದ್ರೂ ಕೇಳಿದೀನಾ? ಒತ್ತಿಬಿಡು.”

ಕೇಳಿರಲಿಲ್ಲ. ಬೆಕ್ಕಿನ ಮರಿ ಕೊಟ್ಟವರಲ್ಲಿ ಅವರು ಇರಲಿಲ್ಲ, ಪಿಯಾನೋ ಪೆಟ್ಟಿಗೆಯೂ ಅವರದಲ್ಲ. ಗೇಟಿನ ಆಚೆ ಮಧ್ಯಾಹ್ನದ ಬಿಡುವಿನ ಮಕ್ಕಳು ಬರುತ್ತಿದ್ದರು. ಸೀದ ಅನ್ನದ ದೂರು ಇನ್ನೂ ಶುರುವಾಗಿರಲಿಲ್ಲ. ನನಗೆ ಎಂದಿನಂತೆ ಕಿವಿ ಬಿಸಿಯಾಯಿತು. ಜಗಲಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೂವತ್ತು ವರ್ಷದ ಹಿಂದೆ ಬಸದಿಯ ಜಗಲಿಯಲ್ಲಿ ನೋಡಿದ ಹಾಗೆಯೇ. ನಾನು ಮುದ್ರೆಯ ಶಾಯಿಯನ್ನು ಅಂಗಿಯ ಅಂಚಿಗೆ ಒರೆಸಿ ಅದನ್ನು ಜೇಬಿಗೆ ಹಾಕಿಕೊಂಡೆ. ಈ ಸಲ ಬಾಯಿ ಬಂತು, ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು, ಅಂಗಳದ ಪೈಪುಗಳೆಲ್ಲ ಒಂದು ಕ್ಷಣ ಸುಮ್ಮನಾದವು.

“ಇಲ್ಲ ಅತ್ತೆ,” ಎಂದೆ. “ಒತ್ತಲ್ಲ.”